ಪಾದ ಎತ್ತಿದ್ದೀಯಾ?

ನೂರಾ ಮೂವತ್ತು ಟನ್ ಹೊರುವ ಲಾರಿ ಓಡಿಸಿದವನು ನಾನು,
ಎರ್ದೆನೆತ್‌ನ ತಾಮ್ರದ ಗಣಿಯಲ್ಲಿ, ಹದಿನೇಳು ವರ್ಷ.
ಮಂಡಿಚಿಪ್ಪು ಒಡೆದು ಮನೆ ಸೇರಿದ ಮೇಲೆ
ನನ್ನ ಪಾಲಿಗೆ ಬಂದದ್ದು ಇಷ್ಟು:
ಸಂತೆಯ ಕಂಟೇನರಿನಲ್ಲಿ ಕೊಂಡ ಹಳೇ ಹೊಲಿಗೆ ಮಷಿನ್,
ಮೂರು ಮೀಟರ್ ನೀಲಿ ರೇಷ್ಮೆ,
ಬಿಳಿ ತಿಂಗಳ ಹಬ್ಬಕ್ಕೆ ಉಳಿದ ಒಂಬತ್ತು ದಿನ,
ಮತ್ತೆ, ಹಲ್ಲು ಬಿದ್ದ ಬಾಯಲ್ಲಿ ಖಾಲಿಯುನ್:
"ನನ್ನ ದೇಲ್ ನೀನೇ ಹೊಲೀತೀಯಂತೆ, ಅಮ್ಮ ಹೇಳಿದ್ಲು."

ಅಮ್ಮ ರಾತ್ರಿ ಪಾಳಿಯಲ್ಲಿ. ಕೇಳುವಂತಿಲ್ಲ.

ಮೇಲಿಂದ ನೋಡಿದರೆ ಹೊಲಿಗೆ ರೈಲುಕಂಬಿ.
ಬಟ್ಟೆ ಮಗುಚಿದೆ.
ಕೆಳಗೆ ಗುಬ್ಬಿಗೂಡು,
ಕತ್ತರಿ ಕೂಡ ಬಾಯಿ ಹಾಕಲು ಹೆದರುವ ಗೋಜಲು.

ಕೆಳಗಿನ ರೋಗ, ಕೆಳಗಿನದೇ ತಪ್ಪು ಅಂದುಕೊಂಡೆ.
ಬಾಬಿನ್ ತೆಗೆದೆ, ಬೈದೆ, ಬಿಚ್ಚಿ ಮತ್ತೆ ಸುತ್ತಿದೆ,
ಅದರ ಸಾಸಿವೆಯಷ್ಟು ತಿರುಪನ್ನು
ಅತ್ತ ಕಾಲು ಸುತ್ತು, ಇತ್ತ ಅರೆ ಸುತ್ತು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಎರಡು ದಿನ
ಎಮ್ಮೆ ಸುಮ್ಮನೆ ಬರೆ ಹಾಕಿಸಿಕೊಂಡಿತು.

ಮೂರನೇ ಮಹಡಿಯ ದುಲ್ಮಾ ಬಂದಳು,
ಉಪ್ಪು ಹಾಕಿದ ಹಾಲುಚಹಾದ ಫ್ಲಾಸ್ಕ್ ಕಂಕುಳಲ್ಲಿ.
ತಿರುಪು ಮುಟ್ಟಲಿಲ್ಲ.
ದಾರದುಂಡೆಯಿಂದ ಗೇಣುದ್ದ ಎಳೆದಳು;
ಸದ್ದೂ ಮಾಡದೆ ತುಂಡಾಯಿತು.
"ನನ್ನ ಮದುವೆಗಿಂತ ಹಳೇದು ಇದು.
ಮಗಳಿಗೆ ಕೊಡು, ಗೊಂಬೆಗೆ ಜಡೆ ಹಾಕ್ತಾಳೆ."
ಸೂಜಿಯ ತುದಿ ಉಗುರಿನ ಮೇಲೆ ಎಳೆದಳು;
ಬಿಳಿ ಗೀರು ಬಿತ್ತು. ಅದೂ ಹೋಯಿತು.
ತಟ್ಟೆ ಬಿಚ್ಚಿ ಬ್ರಷ್ ಆಡಿಸಿದರೆ
ಇಲಿಮರಿಯೊಂದಕ್ಕೆ ಹಾಸಿಗೆ ಆಗುವಷ್ಟು ಬೂದು ಧೂಳು.
"ರಾತ್ರಿ ಇದನ್ನ ಎಲ್ಲಿಡ್ತೀಯ?"
ಬಾಲ್ಕನಿಯಲ್ಲಿ, ಅಂದೆ.
"ಸೊನ್ನೆಗಿಂತ ಮೂವತ್ತು ಕೆಳಗೆ! ಎಣ್ಣೆ ಜೇನಾಗಿದೆ.
ಲಾರಿಯಾಗಿದ್ದರೆ ಬೆಚ್ಚಗೆ ಮಾಡದೆ ಹೊರಡಿಸ್ತಿದ್ದೆಯಾ?"
ಹದಿನೇಳು ವರ್ಷ ತಲೆ ತಗ್ಗಿಸಿ ಕೂತಿತು.

ಆಮೇಲೆ, ಚಹಾ ಹೀರುತ್ತಾ, ಏನೋ ನೆನಪಾದವಳಂತೆ:
"ದಾರ ಪೋಣಿಸುವಾಗ ಪಾದ ಎತ್ತಿದ್ದೀಯಾ?"
ನನ್ನ ಕುಂಟು ಕಾಲನ್ನೇ ನೋಡಿಕೊಂಡೆ.
ಅವಳು ಚಹಾ ಚೆಲ್ಲುವಷ್ಟು ನಕ್ಕಳು.
"ನಿನ್ನದಲ್ಲ ಮಾರಾಯ, ಮಷಿನಿನದು!"

ಪಾದ ಇಳಿದಿದ್ದರೆ
ಒಳಗಿನ ಎರಡು ಬಿಲ್ಲೆಗಳು ತುಟಿ ಕಚ್ಚಿಕೊಂಡಿರುತ್ತವೆ,
ದಾರ ಒಳಗೆ ಕೂರದೆ ಅಂಚಿನ ಮೇಲೇ ಜಾರಿ ಹೋಗುತ್ತದೆ.
ಮೇಲೆ ಹಿಡಿಯುವವರಿಲ್ಲದ ದಾರ
ಕೆಳಗೆ ಹೋಗಿ ಗುಂಪುಗಟ್ಟುತ್ತದೆ.
ಪಾದ ಎತ್ತು: ಬಾಯಿ ಬಿಡುತ್ತವೆ.
ಪೋಣಿಸು. ಇಳಿಸು. ಈಗ ಎಳೆದು ನೋಡು:
ಕೈಗೆ ಸಿಗುವ ಆ ಸಣ್ಣ ಬಿಗಿ,
ಮಗು ಬೆರಳು ಹಿಡಿದು ಬಿಡಲೊಲ್ಲದಷ್ಟೇ ಬಿಗಿ.

"ಶುರುವಿನಲ್ಲಿ ಎರಡೂ ದಾರದ ಬಾಲ ಹಿಂದೆ ಹಿಡಿದುಕೋ,
ಮೂರು ಹೊಲಿಗೆ ತನಕ. ಆಮೇಲೆ ಬಿಡು,
ಅದರ ದಾರಿ ಅದಕ್ಕೆ ಗೊತ್ತು."

ಎಲ್ಲ ಸರಿಹೋಯಿತು ಅಂತಲ್ಲ.
ಕೊರಳಪಟ್ಟಿಯ ತಿರುವಿನಲ್ಲಿ ಎರಡು ಸಲ ಕಡಿಯಿತು,
ಬಾಬಿನ್ ಒಮ್ಮೆ ಹೇಳದೆ ಕೇಳದೆ ಖಾಲಿಯಾಗಿ
ಒಂದು ಮೊಳ ಬರೀ ತೂತು ಹೊಲಿದೆ.
ಹಬ್ಬದ ಹಿಂದಿನ ರಾತ್ರಿ ಎರಡು ಗಂಟೆಗೆ
ಕೊನೆಯ ಗುಂಡಿಯ ಕುಣಿಕೆ.

ಬೆಳಗ್ಗೆ ಹಿರಿಯರಿಗೆಲ್ಲ ನಮಸ್ಕರಿಸಿ ಬಂದ ಖಾಲಿಯುನ್
ತುಂಬಿದ ಕೋಣೆಯಲ್ಲಿ ದೇಲ್‌ನ ಅಂಚು ಮಗುಚಿ,
ಒಳಗೆ ಬಿಡಿಸಲಾಗದೆ ನಾನು ಬಿಟ್ಟಿದ್ದ
ಮೊದಲ ದಿನದ ಗೋಜಲು ತೋರಿಸಿದಳು:
"ನೋಡಿ, ಇಲ್ಲಿ ಅಪ್ಪ ಗೂಡು ಕಟ್ಟಿದ್ದಾನೆ."

ದುಲ್ಮಾ ನೋಡಿದಳು.
ಏನೂ ಅನ್ನದೆ
ಬಿಸಿ ಕಡುಬೊಂದನ್ನು ಬಾಯಿಗಿಟ್ಟುಕೊಂಡಳು.