ಸರದಿ ಯಾರದು

ಮೊದಲು ಬರೆದದ್ದು ಮನೆ.
ಮನೆಗೊಂದು ಹೆಸರು, ಒಂದು ನಂಬರು,
ಎರಡೂ ತುಂಬಲೇಬೇಕು, ಬಿಟ್ಟರೆ ಯಂತ್ರ ಒಪ್ಪದು.
ಕಿಟಕಿಯಾಚೆ ಪೋರ್ಚುಗಲ್ಲಿನ ಬಡಗಣ ಮೂಲೆಯ ಚಳಿ,
ಮುಳ್ಳುಕಾಯಿ ಉದುರಿಸಿ ನಿಂತ ಚೆಸ್ಟ್‌ನಟ್ ಮರಗಳು.

ನಮ್ಮೂರಿಗೆ ಇರುವುದು ಒಂದೇ ಒಲೆ,
ಕಲ್ಲುಗುಮ್ಮಟದ್ದು, ಬಾಗಿಯೇ ಒಳಗೆ ಹೋಗಬೇಕು.
ಯಾವ ದಿನ ಯಾರ ಹಿಟ್ಟು ಎಂಬುದು
ಫೋನಿನಲ್ಲೇ ಕಾಣಲಿ ಎಂದು ಸಭೆ ಠರಾವು ಮಾಡಿತು.
ಇಲ್ದಾ ಕಂಪ್ಯೂಟರ್ ಕಲಿತವಳು, ಅವಳೇ ಮಾಡಲಿ.
ಮೂರು ಟೇಬಲ್ ಸಾಕು,
ಭಾನುವಾರದೊಳಗೆ ಮುಗಿಯುತ್ತದೆ ಅಂದುಬಿಟ್ಟೆ.
ಯಾವ ಭಾನುವಾರ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಮನೆ. ಸರದಿ. ರೊಟ್ಟಿ.
ಒಂದು ಮನೆಗೆ ಹಲವು ಸರದಿ,
ಒಂದು ಸರದಿಗೆ ಒಂದೇ ಮನೆ:
ಗೆರೆ ಎಳೆದು ತುದಿಗೆ ಕಾಗೆಕಾಲು ಬಿಡಿಸಿದೆ.
ಬೆಲ್ಮೀರಾ ಹೆಗಲ ಮೇಲಿಂದ ಇಣುಕಿದಳು.
"ನಾನೂ ನಾದಿನಿಯೂ ಒಟ್ಟಿಗೇ ಸುಡುತ್ತೇವಲ್ಲ,
ಮಾತು ಬಿಟ್ಟ ವರ್ಷ ಮಾತ್ರ ಬೇರೆ."
ಸರಿ, ಹಲವಕ್ಕೆ ಹಲವು.
ನಡುವೆ ಇನ್ನೊಂದು ಟೇಬಲ್ ಹುಟ್ಟಿಕೊಂಡಿತು,
ಅತ್ತಲ ಕೀಲಿ ಇತ್ತಲ ಕೀಲಿ ಬಿಟ್ಟರೆ
ಸ್ವಂತದ್ದೇನೂ ಇಲ್ಲದ್ದು,
ಜಗಳ ಬಿಡಿಸಲು ಹೋದವರ ಹಾಗೆ.

ಮನೆಮನೆಗೂ ಹಿಟ್ಟಿನ ಮೇಲೊಂದು ಗುರುತುಂಟು.
ಮೂರು ಗೀರು, ಒಂದು ಬೆರಳಗುಳಿ, ಕತ್ತರಿ ಮೊನೆಯ ಚಿವುಟು.
ಒಬ್ಬರದು ಇನ್ನೊಬ್ಬರದರಂತೆ ಇರಕೂಡದು.
ಯೂನಿಕ್ ಎಂದು ಈಗ ಟೈಪು ಮಾಡಿದೆ,
ನನ್ನಜ್ಜಿಯ ಅಜ್ಜಿಗೆ ಅದು
ಟೈಪು ಮಾಡದೆಯೇ ಗೊತ್ತಿತ್ತು.

ಒಲೆಯವ ಆಂಸೆಲ್ಮು ಮರುದಿನ ಬಂದ.
"ತಣ್ಣೊಲೆ ಎಲ್ಲಿ ಬರೆದೆ?"
ಹಬ್ಬ ಕಳೆದು ಮೊದಲು ಹಚ್ಚುವವರಿಗೆ
ಮೂರು ಹೊರೆ ಸೌದೆ, ಬೆಳಗಿನ ಜಾವದ ಹೊಗೆ.
ಬಿಸಿಗೆ ಬಂದವರಿಗೆ ಒಂದೇ ಹೊರೆ.
ಒಂದೇ ಮನೆಗೆ ಎರಡು ವರ್ಷ ತಣ್ಣೊಲೆ ಬಿದ್ದರೆ
ಮೂರನೆಯ ವರ್ಷ ಊರೇ ಎರಡಾಗುತ್ತದೆ.
ಕಾಲಂ ಸೇರಿಸಿದೆ: ತಣ್ಣೊಲೆ, ಹೌದು ಅಥವಾ ಇಲ್ಲ,
ಏನೂ ಹೇಳದಿದ್ದರೆ ಇಲ್ಲ.
"ಏನೂ ಹೇಳದಿದ್ದರೆ ಒಲೆ ತಣ್ಣಗೇ ಇರುತ್ತದೆ ಮಗಳೇ,"
ಅಂದ ಅವನು. ತಿದ್ದಿದೆ.

ಆಮೇಲೆ ಜುಲ್ಮೀರಾ.
ಒಂಬತ್ತನೆಯ ಮನೆ, ಗುರುವಾರದ ಸರದಿ,
ಮಾಗಿಯಲ್ಲಿ ತೀರಿಕೊಂಡವಳು.
ಮನೆಯ ಸಾಲನ್ನು ಅಳಿಸಿದರೆ
ಅದಕ್ಕೆ ಕಟ್ಟಿದ ರೊಟ್ಟಿಗಳ ಗತಿ ಏನು?
ಕೋಡಿಗೆ ಮೂರೇ ಉತ್ತರ ಗೊತ್ತು:
ಜೊತೆಗೇ ಹೋಗಲಿ,
ಅಳಿಸಲು ಬಿಡಬೇಡ,
ಖಾಲಿ ಮಾಡು.
ಮೊದಲನೆಯದನ್ನು ಬರೆದು ಒಮ್ಮೆ ನೋಡಿದೆ, ಪರೀಕ್ಷೆಗೆಂದು.
ನಲವತ್ತು ವರ್ಷದ ರೈ ರೊಟ್ಟಿ
ಕಣ್ಣು ಮಿಟುಕಿಸುವಷ್ಟರಲ್ಲಿ ಇರಲೇ ಇಲ್ಲ.
ಪರೀಕ್ಷೆಯ ಪ್ರತಿಯೇ ಅದು, ಆದರೂ
ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಆಂಸೆಲ್ಮು ಬೂದಿ ಗೋರುತ್ತಿದ್ದ.
"ಗುರುವಾರ ಯಾರದು ಈಗ?" ಕೇಳಿದೆ.
"ಅವಳದು."
"ಅವಳಿಲ್ಲವಲ್ಲ."
"ಗುರುವಾರ ಇದೆಯಲ್ಲ."

ಆಗ ತಿಳಿಯಿತು. ಗುರುವಾರ ಒಲೆ ಹಚ್ಚುತ್ತಲೇ ಇದ್ದಾರೆ,
ಎಲ್ಲರೂ ಒಂದೊಂದು ಹಿಡಿ ಹಿಟ್ಟು ಕೂಡಿಸಿ
ಗುರುತು ಹಾಕದ ಒಂದು ರೊಟ್ಟಿ ಸುಟ್ಟು
ಒಲೆಮನೆಯ ಕಿಟಕಿಯಲ್ಲಿ ಇಡುತ್ತಾರೆ.
ಅಂಚೆಯವನು ಒಯ್ದಿದ್ದಾನೆ,
ಮರ ಕಡಿಯಲು ಬಂದ ರೊಮೇನಿಯಾದ ಹುಡುಗರು ಒಯ್ದಿದ್ದಾರೆ,
ಒಮ್ಮೆ ನಾನೂ ಒಯ್ದಿದ್ದೆ,
ಯಾರದೆಂದು ಕೇಳದೆ, ಬಿಸಿಯಿದೆಯೆಂದು.

ಜುಲ್ಮೀರಾಳನ್ನು ಅಳಿಸಲಿಲ್ಲ.
ರೊಟ್ಟಿಯ ಟೇಬಲ್ ತೆರೆದು
ಮನೆ ಎಂಬ ಕಾಲಮ್ಮಿನ ಮುಂದೆ
"ಖಾಲಿ ಇರಬಹುದು" ಎಂದು ಸೇರಿಸಿದೆ, ಅಷ್ಟೇ.
ಮೈಗ್ರೇಶನ್ ಓಡಿತು, ತಕರಾರಿಲ್ಲ.

ರಾತ್ರಿ ಕುತೂಹಲಕ್ಕೆ ಕೇಳಿದೆ:
ಹೋದ ಗುರುವಾರದ ರೊಟ್ಟಿಯ ಮನೆ
ಈ ಗುರುವಾರದ ರೊಟ್ಟಿಯ ಮನೆಯೇ ಏನು?
ಎರಡೂ ಖಾಲಿ.
ಯಂತ್ರ ಹೌದೆನ್ನಲಿಲ್ಲ.
ಅಲ್ಲವೆಂದೂ ಅನ್ನಲಿಲ್ಲ.
ಅದಕ್ಕೆ ಮೂರನೆಯದೊಂದು ಉತ್ತರವಿದೆ,
ಗೊತ್ತಿಲ್ಲ ಎಂಬುದು,
ಅದನ್ನೇ ಕೊಟ್ಟಿತು.