ಬಿಸಿಯಾದ ಮೇಲೆ

ಮಾರಿದವನು ಜಾಣ. ಹಾಪ್ಸಲುವಿನ ಶೆಡ್ಡಿನಲ್ಲಿ
ಐದೇ ನಿಮಿಷ ಓಡಿಸಿ ತೋರಿಸಿದ.
ಮಾರ್ಚ್ ತಿಂಗಳ ಚಳಿ, ಎಣ್ಣೆ ಜೇನಿನಷ್ಟು ಮಂದ;
ಪುಟ್ಟ ಲೋಡರು ಎರಡೂ ತೋಳೆತ್ತಿ
ಕುಸ್ತಿ ಗೆದ್ದವನ ಹಾಗೆ ನಿಂತಿತು.
ನಾಲ್ಕು ಸಾವಿರದ ಇನ್ನೂರು ಯೂರೋ ಎಣಿಸಿ
ಫೆರ್ರಿ ಹತ್ತಿಸಿ ದ್ವೀಪಕ್ಕೆ ತಂದೆ.

ನಮ್ಮ ಸಾರೆಮಾದಲ್ಲಿ ಹೊಲ ಕಲ್ಲು ಹೆರುತ್ತದೆ.
ಹಿಮ ಕರಗಿದ ಪ್ರತಿ ವರ್ಷವೂ
ಹೋದ ಸಲ ಇಲ್ಲದ ಬೋಳುತಲೆಗಳು
ಮಣ್ಣು ಸರಿಸಿ ಇಣುಕುತ್ತವೆ.
ಅವನ್ನೆತ್ತಿ ಬೇಲಿಗೋಡೆಗೆ ಸೇರಿಸುವುದು
ನನಗೆ ಗೊತ್ತಿರುವ ಒಂದೇ ಕಸುಬು.

ಮೊದಲ ಅರ್ಧ ಗಂಟೆ ಆನೆ.
ಆಮೇಲೆ, ಎಣ್ಣೆಗೆ ಕಾವೇರುತ್ತಿದ್ದಂತೆ,
ತೋಳು ಸೊಂಟದ ಮಟ್ಟದಲ್ಲಿ ನಿಂತು ನರಳುತ್ತದೆ:
ಸಣ್ಣ, ಉದ್ದ, ಮೂಗಿನ ದನಿ,
ಗೋಡೆಯಾಚೆ ಯಾರೋ ಹಲ್ಲುನೋವಿನಲ್ಲಿ ಎಚ್ಚರವಿದ್ದಂತೆ.

ಕಲ್ಯೋನನ್ನು ಕರೆದೆ.
ಎಪ್ಪತ್ತಾರು ವಯಸ್ಸು; ಕೊಲ್ಖೋಜಿನ ಕಾಲದಲ್ಲಿ
ಹನ್ನೊಂದು ಟ್ರ್ಯಾಕ್ಟರಿಗೆ ಒಬ್ಬನೇ ವೈದ್ಯ.
ಎಡಗೈಯ ತೋರುಬೆರಳು ಇಲ್ಲ.
ಕೂದಲೆಳೆಯಷ್ಟು ತೂತಿನಿಂದ ಚಿಮ್ಮಿದ ಎಣ್ಣೆ
ಚರ್ಮದೊಳಗೆ ಹೊಕ್ಕಿದ್ದು; ನೋವೇ ಇರಲಿಲ್ಲವಂತೆ,
ಊಟ ಮುಗಿಸಿ ಆಸ್ಪತ್ರೆಗೆ ಹೋದನಂತೆ, ತಡವಾಗಿ.
"ಸೋರಿಕೆ ಹುಡುಕುವಾಗ ಕೈ ಬೇಡ, ಉರ್ವೆ, ರಟ್ಟು ಹಿಡಿ"
ಎಂದ, ನಮಸ್ಕಾರಕ್ಕೂ ಮೊದಲು.

ಮೂರು ದಿನ.
ಫಿಲ್ಟರು ಬದಲಿಸಿದೆವು. ಹಳೆಯದನ್ನು ಕೊಯ್ದು
ಮಡಿಕೆ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದ.
ಲೋಹದ ಮಿನುಗಿಲ್ಲ. ಹೂಂ.
ಎಣ್ಣೆಯಲ್ಲಿ ನೊರೆಯಿಲ್ಲ, ಹಾಲಿನ ಬಣ್ಣವಿಲ್ಲ. ಹೂಂ.
ಮೀಟರು ಸಿಕ್ಕಿಸಿದ: ತಣ್ಣಗಿದ್ದಾಗ ನೂರೆಂಬತ್ತು ಬಾರ್,
ಬಿಸಿಯಾದ ಮೇಲೆ ತೊಂಬತ್ತು, ಮುಳ್ಳಿಗೆ ಜ್ವರದ ನಡುಕ.
ರಿಲೀಫ್ ವಾಲ್ವಿನ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ,
ಏನೂ ಆಗದ್ದು ನೋಡಿ, ಕಾಲು ಸುತ್ತು ಸಡಿಲಿಸಿ,
ಕೊನೆಗೆ ತೀರ್ಪು ಕೊಟ್ಟ: ಪಂಪು ಸವೆದಿದೆ.
ಹೊಸತಕ್ಕೆ ಒಂಬೈನೂರು.
ಮೂಗಿಗಿಂತ ಮೂಗುತಿ ಭಾರ.

ನಾಳೆ ಆರ್ಡರು ಕೊಡುವುದೆಂದಿದ್ದ ಸಂಜೆ
ಇನ್ನೊಮ್ಮೆ, ಸುಮ್ಮನೆ, ಬಿಸಿಯಾಗಲು ಬಿಟ್ಟೆವು.
ಟಾರ್ಚ್ ಹಿಡಿದು ಬಗ್ಗಿದವಳು ಜೋಲಿ ತಪ್ಪಿ
ಟ್ಯಾಂಕಿನಿಂದ ಪಂಪಿಗೆ ಹೋಗುವ ದಪ್ಪ ಕಪ್ಪು ಪೈಪಿಗೆ
ಕೈಯೂರಿದೆ.
"ಅದು ಹೀರುವ ಪೈಪು, ಒತ್ತಡವಿಲ್ಲ, ಹೆದರಬೇಡ."
ನಾನು ಹೆದರಿರಲಿಲ್ಲ. ಪೈಪು ನನ್ನ ಅಂಗೈಯಡಿ
ಒಳಕ್ಕೆ ಸರಿಯುತ್ತಿತ್ತು.
ಕೆಚ್ಚಲು ಬತ್ತಿದರೂ ಚೀಪುತ್ತಲೇ ಇರುವ ಕುರಿಮರಿಯ
ಕೆನ್ನೆ ಒಳಸೇರುತ್ತದಲ್ಲ, ಹಾಗೆ.
"ಕಲ್ಯೋ," ಅಂದೆ, "ಕೈ ಇಡು."
ರಟ್ಟಿನ ಉಪದೇಶದವನು ಒಂದು ಗಳಿಗೆ ತಡೆದು
ನಾಲ್ಕು ಬೆರಳಿನ ಕೈಯಿಟ್ಟ.

ಕೊಯ್ದು ನೋಡಿದರೆ ಹೊರಗೆ ಹೊಸ ಬೂಟಿನ ಹೊಳಪು;
ಒಳಗೆ ಪದರ ಬಿಟ್ಟುಕೊಂಡು
ನಾಲಗೆಯ ಹಾಗೆ ಜೋತುಬಿದ್ದಿದೆ.
ತಣ್ಣಗಿದ್ದಾಗ ಬಿಗಿ. ಬಿಸಿಯಾದ ಮೇಲೆ ಮೆತ್ತಗಾಗಿ
ತನ್ನ ಗಂಟಲನ್ನು ತಾನೇ ಮುಚ್ಚಿಕೊಳ್ಳುತ್ತದೆ.
ಪಂಪು ಬಡಪಾಯಿ, ಹಸಿದು ಕೂಗುತ್ತಿತ್ತು;
ನಾವು ಅದನ್ನೇ ಕಳ್ಳ ಎಂದೆವು.

ಅರ್ಧ ಮೀಟರು ಪೈಪು, ಎರಡು ಕ್ಲಿಪ್ಪು: ಹದಿನೆಂಟು ಯೂರೋ.
ಕಲ್ಯೋನ ಕೂಲಿ, ಹೊಗೆಯಲ್ಲಿ ಬೇಯಿಸಿದ ಆರು ಚಪ್ಪಟೆ ಮೀನು.
ಪಂಪೂ ಹಳೆಯದೇ, ನೋಡ್ತಿರು, ಎನ್ನುತ್ತಲೇ ತಿಂದ.
ಕತ್ತಲಾಗುವವರೆಗೆ ಕಲ್ಲೆತ್ತಿದೆ.
ಕೊನೆಗೆ ಬರಿಯ ಬಕೆಟ್ಟನ್ನು ಎದೆಯೆತ್ತರಕ್ಕೆ ನಿಲ್ಲಿಸಿ
ಪಕ್ಕದ ಗೂಟದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು
ಮಲಗಲು ಹೋದೆ.

ಬೆಳಿಗ್ಗೆ ಅವನು ಮೊದಲೇ ಬಂದು ನಿಂತಿದ್ದ,
ಗೆರೆಗೂ ಬಕೆಟ್ಟಿಗೂ ನಡುವೆ ಎಡಗೈ ಅಡ್ಡ ಹಿಡಿದು.
"ಒಂದು ಕೈಯಗಲ ಇಳಿದಿದೆ. ಸಿಲಿಂಡರಿನ ಸೀಲು."
"ಯಾರ ಕೈಯಗಲ?" ಎಂದೆ.
ಅವನು ಬೆರಳುಗಳನ್ನು ನೋಡಿಕೊಂಡ,
ಇಲ್ಲದ್ದನ್ನೂ ಸೇರಿಸಿ ಎಣಿಸಿದ,
ಆಮೇಲೆ ಬಲಗೈ ಹಿಡಿದು
ಮತ್ತೆ ಅಳೆಯತೊಡಗಿದ.