ಹದಿನೇಳನೇ ತಾರೀಖಿನ ಮಳೆ

ಮಾಜಾಳಿ ಸಮುದ್ರದ ದಾರಿ, ಪಾವ್ಲಿನ್‌ಬಾಯಿಯ ಬಾಡಿಗೆ ಮನೆ,
ಮೀಟರು ಜಗಲಿಯ ಗೋಡೆಗೆ, ಕೆಳಗೆ ಎರಡು ಜೊತೆ ಒದ್ದೆ ಬೂಟು.
ತಿಂಗಳಿಗೊಮ್ಮೆ ಹೋಗುತ್ತೇನೆ ಹೆಸ್ಕಾಂ ಲೆಕ್ಕಕ್ಕೆ.
ನಾನು ಅಂಕಿ ಬರೆದುಕೊಳ್ಳುವಾಗ
ಡೆನ್ನಿಸ್ ಸಾಹೇಬರೂ ಅಂಗಳದಲ್ಲಿ ಬಗ್ಗಿ ಬರೆದುಕೊಳ್ಳುತ್ತಿರುತ್ತಾರೆ:
ತಾಮ್ರದ ಆಲಿಕೆ, ಗಾಜಿನ ನಳಿಗೆ,
ನಿನ್ನೆ ಆಕಾಶ ಸುಟ್ಟ ಯೂನಿಟ್ಟು ಎಷ್ಟು.

ಗೋಕರ್ಣದ ಬಿಳಿಯರು ಮೇ ಮುಗಿಯುವುದರೊಳಗೆ ಗಂಟು ಕಟ್ಟುತ್ತಾರೆ.
ಇವರು ಕಟ್ಟುವುದಿಲ್ಲ.
ಲೀಡ್ಸಿನ ಹತ್ತಿರ ಮೂವತ್ತೊಂದು ವರ್ಷ ಬಸ್ಸಿನ ವೇಳಾಪಟ್ಟಿ ಬರೆದವರಂತೆ;
ಹೇಳಿದ ಹೊತ್ತಿಗೆ ಬರುವ ಮಳೆಯನ್ನು ಒಮ್ಮೆ ನೋಡಬೇಕೆಂದು
ಬಂದವರು, ಉಳಿದರು.
ಮೊದಲ ವರ್ಷವೇ ಮೃಗಶಿರೆ ಹನ್ನೊಂದು ದಿನ ತಡ.
"ಇದೂ ನಮ್ಮ ಬಸ್ಸೇ" ಅಂದರಂತೆ.

ಮೊರೀನಮ್ಮನಿಗೆ ಜೂನಿನಲ್ಲಿ ಬಿಸಿಲಿನ ತುಂಡೊಂದು ಕಂಡರೆ ಸಾಕು,
ಹಗ್ಗಕ್ಕೆ ಬಟ್ಟೆ ಹಾಕುತ್ತಾರೆ, ತೆಗೆಯುತ್ತಾರೆ, ಹಾಕುತ್ತಾರೆ.
ಶೇವಂತಿ ಹರಿಕಂತ್ರ ಒಣಮೀನಿನ ಬುಟ್ಟಿ ಇಳಿಸಿ ಕೂತು
ಆಟ ನೋಡಿದ ಹಾಗೆ ನೋಡುತ್ತಾಳೆ.
ಪಾಸ್‌ಪೋರ್ಟಿಗೆ ಬೂಷ್ಟು ಹಿಡಿದಾಗ ಅಕ್ಕಿ ಡಬ್ಬದಲ್ಲಿ ಹುಗಿದಿಡಿ ಅಂದವಳೂ ಅವಳೇ;
ಕಾರವಾರದ ಎಸ್ಪಿ ಕಚೇರಿಯಲ್ಲಿ ಸೀಲು ಬೀಳುವಾಗ
ಮೇಜಿನ ಮೇಲೆ ಎರಡು ಕಾಳು ಉದುರಿದವಂತೆ.
ಕಂಚಿಕಾಯಿಯನ್ನು ಸಕ್ಕರೆಯಲ್ಲಿ ಕುದಿಸಿ, ಬ್ರೆಡ್ಡಿಗೆ ಸವರಿ ಕೊಡುತ್ತಾರೆ ನನಗೆ.
ಕಹಿ.
ಎರಡನೆಯ ತುಂಡನ್ನೂ ತಿಂದಿದ್ದೇನೆ.

ನಮ್ಮಲ್ಲಿ ಎದುರಾದವರು ಊಟ ಆಯ್ತಾ ಅನ್ನುತ್ತೇವೆ.
ಇವರು ಹವೆಯ ಮಾತಾಡುತ್ತಾರೆ.
ನನಗೂ ಕಾಣುವ ಮೋಡವನ್ನು ನನಗ್ಯಾಕೆ ತೋರಿಸುತ್ತಾರೆ ಅನ್ನಿಸುತ್ತಿತ್ತು ಮೊದಮೊದಲು.
ಊಟ ಆಯ್ತಾ ಅಂದವನೂ
ಬಡಿಸುವುದಕ್ಕೆಂದು ಕೇಳಿದ್ದಲ್ಲವಲ್ಲ.

ಹೋದ ವರ್ಷ ಜುಲೈ, ಪುನರ್ವಸು ಹಿಡಿದುಕೊಂಡಿತ್ತು.
ಸಾಹೇಬರ ತಮ್ಮ ತೀರಿಕೊಂಡ.
ಗೋವಾದ ವಿಮಾನಕ್ಕೆ ಕಾರು ಹೊರಟು ನಿಂತಾಗ ನನ್ನ ಕೈಗೆ ಪುಸ್ತಕ, ಪೆನ್ಸಿಲು:
"ಒಂಬತ್ತು ದಿನ. ಬೆಳಿಗ್ಗೆ ಎಂಟೂವರೆ, ಮಿಸ್ಟರ್ ತಾಂಡೇಲ್."
ತಾಂಡೇಲನೆಂದರೆ ಚುಕ್ಕಾಣಿ ಹಿಡಿದವನು. ನನ್ನಜ್ಜ
ಮೋಡದ ಹೊಟ್ಟೆ ನೋಡಿ, ಇವತ್ತು ದೋಣಿ ಬೇಡ ಅನ್ನುತ್ತಿದ್ದ.
ನಾನು, ಬಾಗಿಲು ಹಾಕಿದ ಮನೆಗೆ
ಸರಾಸರಿ ಬಿಲ್ಲು ಬರೆಯುವವನು.

ಆರು ದಿನ ಹೋದೆ.
ಏಳನೆಯ ದಿನ, ಹದಿನೇಳನೇ ತಾರೀಖು,
ಸದಾಶಿವಗಡದಲ್ಲಿ ಕಂಬ ಬಿದ್ದು ರಾತ್ರಿಯೆಲ್ಲ ಲೈನಿನವರ ಜೊತೆ ನಿಂತು
ಬೆಳಿಗ್ಗೆ ಮಲಗಿಬಿಟ್ಟೆ.
ಸಂಜೆ ಹೋದರೆ ಯಾರದೋ ಆಕಳು ಡಬ್ಬ ಉರುಳಿಸಿ
ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು.
ಪೆನ್ಸಿಲು ನೆಕ್ಕಿದೆ.
ಬಾಗಿಲು ಹಾಕಿದ ಆಕಾಶಕ್ಕೆ
ಸರಾಸರಿ ಬರೆದೆ: ನಲವತ್ತಮೂರು.

ಬಂದರು. ಚಹಾ ಆಯಿತು. ಬೆರಳು ಪುಸ್ತಕದ ಮೇಲೆ ಇಳಿಯುತ್ತ ಬಂದು
ನಲವತ್ತಮೂರರ ಮೇಲೆ ನಿಂತಿತು.
"ಹದಿನೇಳಕ್ಕೇ ಮಣ್ಣು ಮಾಡಿದ್ದು," ಅಂದರು.
"ಅಲ್ಲಿ ಒಂದು ಹನಿಯೂ ಇಲ್ಲ. ಎಂಥ ಒಳ್ಳೆಯ ಹವೆ ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು."
ಬೆರಳು ಅಲ್ಲಿಯೇ ಇತ್ತು.
"ಇಲ್ಲಾದರೂ ಸುರಿದಿದೆ."
ನಾನು ಹೂಂ ಅಂದೆ.
ಮೊರೀನಮ್ಮ ಹಗ್ಗದ ಕಡೆ ಓಡಿದರು.

ಈ ವರ್ಷವೂ ಹದಿನೇಳಕ್ಕೆ ಹೋದೆ, ಮೀಟರಿನ ದಿನವಲ್ಲದಿದ್ದರೂ.
ಸಾಹೇಬರು ನಳಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು
ಇಪ್ಪತ್ತೆಂಟು ಅಂದರು.
ಹದಿನೈದು ಬಾಕಿ, ಅಂದುಕೊಂಡೆ ಒಳಗೇ.
ತಿಂಡಿ ಆಯ್ತಾ ಸಾಹೇಬರೇ, ಅಂದೆ.
ಪಶ್ಚಿಮಕ್ಕೆ ಕಟ್ಟುತ್ತಿದೆ ನೋಡು, ಅಂದರು.